ಮೊದಲ ಕೌದಿ: ಹಳೇ ಹತ್ತಿ ಬಟ್ಟೆಯಿಂದ ಕೂಸಿನ ಹೊದಿಕೆಯವರೆಗೆ, ಹಂತ ಹಂತವಾಗಿ

ಕ್ವಿಲ್ಟಿಂಗ್, ಪ್ಯಾಚ್‌ವರ್ಕ್ ಕಲಿಯಬೇಕು ಅಂತ ಹೊರಟವರಿಗೆ ಮೊದಲು ಎದುರಾಗುವುದು ಸಾಮಾನಿನ ಪಟ್ಟಿ. ಉರುಳುವ ಕಟ್ಟರ್ ಬೇಕು, ಅದರ ಕೆಳಗೆ ಹಾಸಲು ಬೇರೆ ಮ್ಯಾಟ್ ಬೇಕು, ಅಗಲದ ಸ್ಕೇಲ್ ಬೇಕು, ನಡುವೆ ತುಂಬಲು ಹತ್ತಿಯ ಹಾಳೆ ಬೇಕು. ಇಷ್ಟು ಓದುವಷ್ಟರಲ್ಲಿ ಅರ್ಧ ಜನ ಕೈಬಿಡುತ್ತಾರೆ. ದಾವಣಗೆರೆ, ಚಿತ್ರದುರ್ಗದ ಕಡೆಯವರು ಹಾಗೆ ಕೈಬಿಡಬೇಕಾಗಿಲ್ಲ. ಬಟ್ಟೆ ತುಂಡು ಜೋಡಿಸಿ, ಪದರ ಪೇರಿಸಿ, ಕೈಹೊಲಿಗೆ ಹಾಕಿ ಗಟ್ಟಿ ಮಾಡುವ ಕೆಲಸ ನಮ್ಮ ಮನೆಗಳಲ್ಲಿ ಮೊದಲಿಂದಲೂ ಇದೆ. ಮನೆಯ ಟ್ರಂಕ್ ತೆಗೆದರೆ ಒಂದಾದರೂ ಕೌದಿ ಸಿಗುತ್ತದೆ, ಅಲ್ವಾ? ಅದನ್ನು ಹೊರಗೆ ತೆಗೆದು ಬೆಳಕಿಗೆ ಹಿಡಿದು ನೋಡಿ. ಎಷ್ಟು ಪದರ ಇದೆ, ಹೊಲಿಗೆಯ ಸಾಲು ಎಷ್ಟು ಹತ್ತಿರ ಇವೆ, ಅಂಚನ್ನು ಹೇಗೆ ಮಡಚಿದ್ದಾರೆ ಅಂತ ಬೆರಳಾಡಿಸಿ ನೋಡಿ. ಯಾವ ವೀಡಿಯೊಗಿಂತ ಜಾಸ್ತಿ ಅದು ಕಲಿಸುತ್ತದೆ.

ನಾನು ಇಲ್ಲಿ ಹೇಳುವುದು ಒಂದೇ ಮಾತಿನ ಮೇಲೆ ನಿಂತಿದೆ. ಮೊದಲ ಸಲಕ್ಕೆ ಹೊಸ ಬಟ್ಟೆ ಕೊಳ್ಳಬೇಡಿ. ತೊಳೆದು ತೊಳೆದು ಮೆತ್ತಗಾದ ಹತ್ತಿ ಬಟ್ಟೆ, ಸೂಜಿ, ದಾರ, ಕತ್ತರಿ. ಇಷ್ಟರಲ್ಲೇ ಚೆಂದದ, ಬಾಳಿಕೆ ಬರುವ ಒಂದು ಚಿಕ್ಕ ಕೌದಿ ಆಗುತ್ತದೆ. ಹಳೇ ಬಟ್ಟೆ ಬಡತನದ ಉಪಾಯ ಅಲ್ಲ. ಕೈಹೊಲಿಗೆಗೆ ಅದೇ ಸರಿಯಾದ ಬಟ್ಟೆ. ಸೂಜಿ ಸಲೀಸಾಗಿ ಇಳಿಯುತ್ತದೆ. ಕುಗ್ಗುವುದೆಲ್ಲ ಮೊದಲೇ ಕುಗ್ಗಿರುತ್ತದೆ. ಮೈಗೂ ಹಿತ.

ಏನು ಹೊಲಿಯುವುದು, ಎಷ್ಟು ದೊಡ್ಡದು

ದೊಡ್ಡವರು ಹೊದೆಯುವ ಕೌದಿ ಸುಮಾರು 5 ಅಡಿ ಅಗಲ, 7 ಅಡಿ ಉದ್ದ ಇರುತ್ತದೆ. ಮೊದಲ ಸಲವೇ ಅದಕ್ಕೆ ಕೈ ಹಾಕಬೇಡಿ. ದಿನಕ್ಕೆ ಒಂದು ತಾಸು ಕೂತರೂ ತಿಂಗಳುಗಟ್ಟಲೆ ಎಳೆಯುತ್ತದೆ, ಮಧ್ಯದಲ್ಲಿ ಬೇಸರ ಬಂದು ಮೂಲೆ ಸೇರುತ್ತದೆ. ದಿಂಬಿನ ಕವರ್ ತೀರಾ ಚಿಕ್ಕದು. ಅದರಲ್ಲಿ ಪದರ ಜೋಡಿಸುವ ಕಷ್ಟ ಸುಖ ತಿಳಿಯುವುದಿಲ್ಲ. ಎರಡರ ನಡುವೆ ಕೂಸಿನ ಕೌದಿ ಇದೆ. 3 ಅಡಿ ಉದ್ದ, 3 ಅಡಿ ಅಗಲ. ಬಾಣಂತಿ ಮನೆಗೆ ಕೊಟ್ಟರೆ ಯಾರೂ ಬೇಡ ಅನ್ನುವುದಿಲ್ಲ. ಕೂಸು ಇಲ್ಲದ ಮನೆಯಲ್ಲಿ ಕುರ್ಚಿಗೆ, ದಿವಾನಿಗೆ ಹಾಸಬಹುದು.

ಈ ಬರಹದ ಲೆಕ್ಕವೆಲ್ಲ ಆ ಅಳತೆಯದು. 5 ಇಂಚಿನ 64 ಚೌಕ, ಅಂದರೆ 8 ಸಾಲು, ಸಾಲಿಗೆ 8. ಸುತ್ತಲೂ ಒಂದು ಪಟ್ಟಿ. 32 ಚೌಕ ತಿಳಿ ಬಣ್ಣ, 32 ಗಾಢ ಬಣ್ಣ ಆದರೆ ಚದುರಂಗದ ಮನೆಗಳ ವಿನ್ಯಾಸ ಬರುತ್ತದೆ. ಸರಳ ಅಂತ ಅದನ್ನು ಕಡೆಗಣಿಸಬೇಡಿ. ಬಟ್ಟೆಯ ಬಣ್ಣ ಚೆನ್ನಾಗಿದ್ದರೆ ಇದಕ್ಕಿಂತ ಚೆಂದದ ವಿನ್ಯಾಸ ಬೇಕಿಲ್ಲ.

ಬಟ್ಟೆ ಆರಿಸುವುದು

ಇಲ್ಲಿ ಸ್ವಲ್ಪ ನಿಧಾನ ಮಾಡಿ. ಕೌದಿ ಒಳ್ಳೆಯದಾಗುವುದು, ಕೆಡುವುದು ಅರ್ಧ ಇಲ್ಲೇ ನಿರ್ಧಾರ ಆಗುತ್ತದೆ.

ಒಂದು ಹಳೇ ಹತ್ತಿ ಸೀರೆ ಬೇಕೇ ಬೇಕು. ಐದೂವರೆ ಮೀಟರಿನ ಸೀರೆಯನ್ನು 40 ಇಂಚಿಗೊಂದರಂತೆ ಅಡ್ಡ ಕತ್ತರಿಸಿದರೆ 5 ತುಂಡು ಸಿಗುತ್ತದೆ. ಅದರಲ್ಲಿ ಒಂದು ಅಡಿಬಟ್ಟೆ, ಎರಡೋ ಮೂರೋ ನಡುವಿನ ಪದರ. ಅಲ್ಲಿಗೆ ಕೌದಿಯ ಒಳಗಿನ ಕೆಲಸ ಒಂದೇ ಸೀರೆಯಲ್ಲಿ ಮುಗಿಯಿತು. ಸೀರೆ ಇಲ್ಲದಿದ್ದರೆ ಹಳೇ ಪಂಚೆ, ಹತ್ತಿಯ ಬೆಡ್‌ಶೀಟ್ ನಡೆಯುತ್ತದೆ. ಕೈಯಲ್ಲಿ ಎರಡೂ ಕಡೆ ಹಿಡಿದು ಜಗ್ಗಿ ನೋಡಿ. ಪರ್ ಅಂತ ಸದ್ದು ಬಂದರೆ ಆ ಭಾಗ ಸವೆದಿದೆ, ಬಿಟ್ಟುಬಿಡಿ. ಸೀರೆಯಲ್ಲಿ ನೆರಿಗೆ ಹಿಡಿಯುವ ಜಾಗ ಮತ್ತು ಕಾಲಿನ ಅಂಚು ಮೊದಲು ಸವೆಯುತ್ತವೆ, ಒಳಸುತ್ತಿನ ಭಾಗ ಗಟ್ಟಿ ಇರುತ್ತದೆ.

ಮೇಲಿನ ಚೌಕಗಳಿಗೆ ಅಂಗಿ, ಚೂಡಿದಾರದ ಟಾಪು, ಲಂಗ, ಮಕ್ಕಳ ಫ್ರಾಕು ಎಲ್ಲ ಬರುತ್ತದೆ. ಒಂದು ಹಳೇ ಅಂಗಿಯ ಬೆನ್ನಿನ ಭಾಗದಲ್ಲೇ 5 ಇಂಚಿನ ಹತ್ತು ಹನ್ನೆರಡು ಚೌಕ ಸಿಗುತ್ತವೆ. ನಮ್ಮ ಕಡೆ ಮನೆಗಳಲ್ಲಿ ಇನ್ನೊಂದು ಒಳ್ಳೆ ಸಂಗ್ರಹ ಇರುತ್ತದೆ. ಉಡಿ ತುಂಬಿದಾಗ ಕೊಟ್ಟ ರವಿಕೆ ಕಣಗಳು. ಮದುವೆ, ಸೀಮಂತ, ಗೌರಿ ಹಬ್ಬ ಅಂತ ಬಂದು ಬಂದು ಬೀರುವಿನಲ್ಲಿ ಗಂಟು ಕಟ್ಟಿಟ್ಟಿರುತ್ತೇವೆ. ಹೊಲಿಸುವುದೂ ಇಲ್ಲ, ಎಸೆಯಲು ಮನಸ್ಸೂ ಬರುವುದಿಲ್ಲ. ಅವುಗಳಲ್ಲಿ ಹತ್ತಿಯವನ್ನು ಆರಿಸಿ ತೆಗೆಯಿರಿ. ಉಳಿದ ತುಂಡು ಬೇಕಾದರೆ ಪರಿಚಯದ ಟೈಲರ್‌ಗೆ ಹೇಳಿಟ್ಟರೆ ಚೀಲದಲ್ಲಿ ಕಟ್ಟಿ ಇಡುತ್ತಾರೆ.

ಹತ್ತಿ ಯಾವುದು, ಪಾಲಿಯೆಸ್ಟರ್ ಯಾವುದು ಅಂತ ಗೊತ್ತಾಗದಿದ್ದರೆ ಒಂದು ಎಳೆ ಬಿಡಿಸಿ, ಇಕ್ಕಳದಲ್ಲಿ ಹಿಡಿದು, ತಟ್ಟೆಯ ಮೇಲೆ ಕಡ್ಡಿ ಗೀರಿ ಸುಡಿ. ಹತ್ತಿ ಕಾಗದ ಸುಟ್ಟ ವಾಸನೆ ಕೊಟ್ಟು ಮೆತ್ತನೆ ಬೂದಿ ಆಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಎರಡರ ಮಿಶ್ರಣದಲ್ಲಿ ಸ್ವಲ್ಪ ಬೂದಿ, ಸ್ವಲ್ಪ ಗಂಟು. ಮೊದಲ ಕೌದಿಗೆ ಪೂರ್ತಿ ಹತ್ತಿಯನ್ನೇ ಇಟ್ಟುಕೊಳ್ಳಿ. ಜಾರುವ ಬಟ್ಟೆ ಅಳತೆಗೆ ನಿಲ್ಲುವುದಿಲ್ಲ, ಇಸ್ತ್ರಿಯ ಬಿಸಿಗೂ ಸುಟ್ಟುಹೋಗುತ್ತದೆ. ಮೊಳಕಾಲ್ಮೂರು ರೇಷ್ಮೆ ಸೀರೆ ಹಳತಾಗಿದೆ, ಹಾಕಬಹುದಾ ಅಂತ ಕೇಳುವವರಿದ್ದಾರೆ. ಕೂಸಿನ ಕೌದಿಗೆ ಬೇಡ. ಮೇಲಿಂದ ಮೇಲೆ ತೊಳೆಯುವ ವಸ್ತುವಿನಲ್ಲಿ ರೇಷ್ಮೆ ಹತ್ತಿಗಿಂತ ಮೊದಲು ಜೀರ್ಣವಾಗುತ್ತದೆ, ಜರಿ ಕೂಸಿನ ಚರ್ಮಕ್ಕೆ ಚುಚ್ಚುತ್ತದೆ. ಹಳೇ ಕಂಬಳಿಯನ್ನು ನಡುವೆ ಸೇರಿಸುವುದೂ ಬೇಡ. ಉಣ್ಣೆ ನೀರಲ್ಲಿ ಕುಗ್ಗುತ್ತದೆ, ತೊಳೆದು ಹಳತಾದ ಹತ್ತಿ ಅಷ್ಟು ಕುಗ್ಗುವುದಿಲ್ಲ, ಕೌದಿ ಸುರುಟಿಕೊಳ್ಳುತ್ತದೆ. ಜೀನ್ಸ್ ಪ್ಯಾಂಟಿನ ಬಟ್ಟೆಗೆ ಕೈಸೂಜಿ ಇಳಿಸುವುದು ಕಷ್ಟ.

ಒಂದೇ ಬಣ್ಣದ ಬಟ್ಟೆ ಕಡಿಮೆ ಬಿದ್ದರೆ ಮ್ಯಾಚಿಂಗ್ ಸೆಂಟರಿನಲ್ಲಿ ರವಿಕೆಗೆ ಹಾಕುವ ಕಾಟನ್ ಲೈನಿಂಗ್ ಕೇಳಿ. ದಾವಣಗೆರೆಯ ಚೌಕಿಪೇಟೆ, ಮಂಡಿಪೇಟೆ ಸುತ್ತ, ಚಿತ್ರದುರ್ಗದ ಲಕ್ಷ್ಮೀ ಬಜಾರಿನಲ್ಲಿ ಹುಡುಕಿದರೆ ಎಲ್ಲ ಬಣ್ಣವೂ ಸಿಗುತ್ತದೆ. ಆದರೆ ಅದು ಹೊಸ ಬಟ್ಟೆ. ರಾತ್ರಿ ನೀರಲ್ಲಿ ನೆನೆಸಿ, ಒಣಗಿಸಿಯೇ ಬಳಸಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಅದೊಂದು ಚೌಕ ಮಾತ್ರ ಮುದುಡುತ್ತದೆ.

ತೊಳೆಯುವುದು, ಗಂಜಿ ಹಾಕುವುದು

ಎಲ್ಲ ಬಟ್ಟೆಯನ್ನೂ ತೊಳೆದು ಒಣಗಿಸಿ. ಕೆಂಪು, ಕಡುನೀಲಿ, ಮೆರೂನ್ ಬಣ್ಣದವನ್ನು ಬೇರೆ ನೆನೆಸಿ. ಒದ್ದೆ ಬಿಳಿ ಬಟ್ಟೆಯಿಂದ ಗಟ್ಟಿಯಾಗಿ ಉಜ್ಜಿ ನೋಡಿ. ಬಣ್ಣ ಅಂಟಿದರೆ ಇನ್ನೊಂದು ಸಲ ತೊಳೆಯಿರಿ. ಮತ್ತೂ ಬಿಟ್ಟರೆ ಅದು ಈ ಕೌದಿಗೆ ಬೇಡ, ಪಕ್ಕದ ತಿಳಿ ಚೌಕಗಳನ್ನೆಲ್ಲ ಹಾಳು ಮಾಡುತ್ತದೆ.

ಮೆತ್ತಗಿನ ಹಳೇ ಬಟ್ಟೆ ಹೊಲಿಯಲು ಸುಲಭ, ಕತ್ತರಿಸಲು ಕಷ್ಟ. ಕತ್ತರಿಯ ಕೆಳಗೆ ಬಟ್ಟೆ ಸರಿದಾಡುತ್ತದೆ. ಅದಕ್ಕೆ ಚೌಕಕ್ಕೆ ಬಳಸುವ ಬಟ್ಟೆಗೆ ಮಾತ್ರ ಅನ್ನದ ಗಂಜಿಯನ್ನು ತೆಳ್ಳಗೆ ಮಾಡಿ, ಸೋಸಿ, ಅದ್ದಿ ತೆಗೆಯಿರಿ. ಸ್ವಲ್ಪ ಹಸಿ ಇರುವಾಗಲೇ ಇಸ್ತ್ರಿ ಹಾಕಿ. ಕಾಗದದ ಥರ ನಿಲ್ಲುತ್ತದೆ, ಗೆರೆ ನೇರ ಬರುತ್ತದೆ. ಗಂಜಿ ಹಾಕಿದ ಬಟ್ಟೆಯನ್ನು ತಿಂಗಳುಗಟ್ಟಲೆ ಹಾಗೇ ಇಡಬೇಡಿ, ಜಿರಳೆ ಬರುತ್ತದೆ. ಕೌದಿ ಮುಗಿದ ಮೇಲೆ ಒಮ್ಮೆ ತೊಳೆದರೆ ಗಂಜಿ ಪೂರ್ತಿ ಹೋಗುತ್ತದೆ. ಸೀರೆಯ ಪದರಗಳಿಗೆ ಗಂಜಿ ಹಾಕಬೇಡಿ. ಅಲ್ಲಿ ಸೂಜಿ ಸಲೀಸಾಗಿ ಇಳಿಯಬೇಕು.

ಸಾಮಾನು

ಬಟ್ಟೆಗೆಂದೇ ಇಟ್ಟ ಚೂಪಾದ ಕತ್ತರಿ. ಅದರಲ್ಲಿ ಕಾಗದ ಕತ್ತರಿಸಲು ಯಾರಿಗೂ ಕೊಡಬೇಡಿ. ಟೇಪು, ಟೈಲರ್ ಸೀಮೆಸುಣ್ಣ ಅಥವಾ ಪೆನ್ಸಿಲ್, ಗುಂಡುಸೂಜಿ, ಒಂದು ಡಜನ್ ಪಿನ್ನು, ಇಸ್ತ್ರಿ ಪೆಟ್ಟಿಗೆ. ನಡುಬೆರಳಿಗೆ ಅಂಗುಸ್ತಾನ, ಅಂದರೆ ಸೂಜಿ ಚುಚ್ಚದಂತೆ ಬೆರಳ ತುದಿಗೆ ಹಾಕುವ ಟೊಪ್ಪಿಗೆ. ಮೊದಲ ದಿನ ಅದು ಅಡ್ಡ ಅನ್ನಿಸುತ್ತದೆ, ಆದರೂ ಬಿಡಬೇಡಿ. ನಾಲ್ಕು ಪದರಕ್ಕೆ ಸೂಜಿ ದೂಡುವಾಗ ಬೆರಳು ಉಳಿಸುವುದು ಅದೇ.

ಸೂಜಿ ಎರಡು ಥರ ಇರಲಿ. ಚೌಕ ಜೋಡಿಸಲು ಸಣ್ಣ ಸೂಜಿ, ಪದರ ಹೊಲಿಯಲು ಸ್ವಲ್ಪ ಉದ್ದದ, ಕಣ್ಣು ದೊಡ್ಡದಿರುವ ಸೂಜಿ. ದಬ್ಬಣ ಬೇಡ, ಅದು ಹಳೇ ಬಟ್ಟೆಯಲ್ಲಿ ತೂತು ಬಿಡುತ್ತದೆ. ದಾರವೂ ಹಾಗೇ. ಜೋಡಿಸಲು ಮಾಮೂಲಿ ಹೊಲಿಗೆ ದಾರ. ಕೌದಿಯ ಮೇಲೆ ಕಾಣುವ ಹೊಲಿಗೆಗೆ ದಪ್ಪ ಹತ್ತಿ ದಾರ, ಅಥವಾ ಮಾಮೂಲಿ ದಾರವನ್ನೇ ಎರಡೆಳೆ ಮಾಡಿ. ಮೇಣದ ತುಂಡಿನ ಮೇಲೆ ದಾರವನ್ನು ಒಮ್ಮೆ ಎಳೆದರೆ ಸಿಕ್ಕು ಬೀಳುವುದು ಕಡಿಮೆ ಆಗುತ್ತದೆ. ಒಂದು ಸಲಕ್ಕೆ ಒಂದೂವರೆ ಮೊಳ ದಾರ ಸಾಕು. ಉದ್ದ ದಾರ ಹಾಕಿದರೆ ಬೇಗ ಆಗುತ್ತದೆ ಅನ್ನಿಸುತ್ತದೆ. ಆಗುವುದಿಲ್ಲ, ಗಂಟು ಬಿಡಿಸುವುದರಲ್ಲೇ ಹೊತ್ತು ಹೋಗುತ್ತದೆ, ಬಟ್ಟೆಯಲ್ಲಿ ಉಜ್ಜಿ ಉಜ್ಜಿ ದಾರ ಸವೆಯುತ್ತದೆ.

ಹೊಲಿಗೆ ಮಷಿನ್ ಇದ್ದರೆ ಚೌಕ ಜೋಡಿಸುವಷ್ಟು ಕೆಲಸ ಅದರಲ್ಲಿ ಮಾಡಿ, ತಪ್ಪೇನಿಲ್ಲ. ಪದರಗಳ ಮೇಲಿನ ಹೊಲಿಗೆಯನ್ನು ಮಾತ್ರ ಕೈಯಲ್ಲೇ ಹಾಕಿ ಅನ್ನುವುದು ನನ್ನ ಒತ್ತಾಯ. ಮನೆಯ ಮಷಿನ್ ಮೇಲಿನ ಪದರವನ್ನು ನಿಧಾನ, ಅಡಿಯದನ್ನು ಬೇಗ ಎಳೆಯುತ್ತದೆ. ಹೊಸಬರಿಗೆ ಅದು ಸುಕ್ಕಾಗಿಯೇ ಕೂರುತ್ತದೆ.

ಚೌಕ ಕತ್ತರಿಸುವುದು

ಗಟ್ಟಿ ರಟ್ಟಿನಲ್ಲಿ ಸರಿಯಾಗಿ 5 ಇಂಚಿನ ಒಂದು ಚೌಕ ಮಾಡಿ. ನಾಲ್ಕೂ ಬದಿ ಅಳೆದರೆ ಸಾಲದು, ಮೂಲೆಯಿಂದ ಮೂಲೆಗೂ ಅಳೆಯಿರಿ. ಎರಡೂ ಒಂದೇ ಬಂದರೆ ಮಾತ್ರ ಅದು ನೇರ ಚೌಕ. ಆಮೇಲೆ ಅದರೊಳಗೆ ಎಲ್ಲ ಕಡೆ ಅರ್ಧ ಇಂಚು ಬಿಟ್ಟು 4 ಇಂಚಿನ ಕಿಟಕಿ ಕೊರೆಯಿರಿ. ಹೊರ ಅಂಚಿನ ಗೆರೆಯಲ್ಲಿ ಕತ್ತರಿಸುವುದು, ಒಳಗಿನ ಗೆರೆಯಲ್ಲಿ ಹೊಲಿಯುವುದು. ಒಂದೇ ರಟ್ಟಿನಲ್ಲಿ ಎರಡೂ ಗೆರೆ ಬರುತ್ತದೆ.

ಹೊರದೇಶದ ಕ್ವಿಲ್ಟಿಂಗ್‌ನಲ್ಲಿ ಹೊಲಿಗೆಯ ಆಚೆ ಬಿಡುವ ಈ ಮಾರ್ಜಿನ್ ಕಾಲು ಇಂಚು ಇರುತ್ತದೆ. ಅದು ಹೊಸ, ಬಿಗಿ ನೇಯ್ಗೆಯ ಬಟ್ಟೆಗೆ ಸರಿ. ಹಳೇ ಬಟ್ಟೆಯ ಎಳೆ ಬೇಗ ಬಿಚ್ಚಿಕೊಳ್ಳುತ್ತದೆ. ಅದಕ್ಕೆ ಅರ್ಧ ಇಂಚು.

ಬಟ್ಟೆಯ ಉಲ್ಟಾ ಬದಿಯಲ್ಲಿ ಗೆರೆ ಹಾಕಿ. ರಟ್ಟಿನ ಬದಿ ಬಟ್ಟೆಯ ಎಳೆಗೆ ಸಮ ಇರಬೇಕು. ನೇಯ್ದ ಬಟ್ಟೆ ಹಾಸಿನ ಕಡೆಗೂ ಹೊಕ್ಕಿನ ಕಡೆಗೂ ಅಷ್ಟಾಗಿ ಜಗ್ಗುವುದಿಲ್ಲ, ಓರೆಯಾಗಿ ಎಳೆದರೆ ಜಗ್ಗುತ್ತದೆ. ಓರೆ ಕತ್ತರಿಸಿದ ಚೌಕ ಹೊಲಿಯುವಷ್ಟರಲ್ಲಿ ಆಕಾರ ಬಿಡುತ್ತದೆ. ಎಳೆ ಕಾಣದಿದ್ದರೆ ಅಂಚಿನಲ್ಲಿ ಚಿಕ್ಕ ಕಚ್ಚು ಹಾಕಿ ಹರಿಯಿರಿ. ಹತ್ತಿ ಬಟ್ಟೆ ತನ್ನ ಎಳೆ ಹಿಡಿದೇ ಹರಿಯುತ್ತದೆ, ಅದೇ ನಿಮ್ಮ ನೇರ ಗೆರೆ.

ಒಂದು ಸಲಕ್ಕೆ ಎರಡು ಪದರಕ್ಕಿಂತ ಜಾಸ್ತಿ ಇಟ್ಟು ಕತ್ತರಿಸಬೇಡಿ. ಕಲೆ, ತೂತು, ಜೇಬಿನ ಗುರುತು ಇರುವಲ್ಲಿ ರಟ್ಟು ಇಡಬೇಡಿ. ಸುತ್ತಲ ಪಟ್ಟಿಗೆ ಒಂದೇ ಬಟ್ಟೆಯಲ್ಲಿ 3 ಇಂಚು ಅಗಲದ ನಾಲ್ಕು ಪಟ್ಟಿ ತೆಗೆದಿಡಿ. ಲೆಕ್ಕಕ್ಕೆ ಎರಡು 33 ಇಂಚು ಉದ್ದ, ಎರಡು 37 ಇಂಚು ಉದ್ದ ಬೇಕು, ಸದ್ಯಕ್ಕೆ ಸ್ವಲ್ಪ ಉದ್ದವೇ ಬಿಟ್ಟಿರಿ.

ನೆಲದ ಮೇಲೆ ಹರಡಿ ನೋಡುವುದು

ಇದು ಇಡೀ ಕೆಲಸದಲ್ಲೇ ಖುಷಿಯ ಭಾಗ. 64 ಚೌಕವನ್ನೂ ನೆಲದ ಮೇಲೆ ಇಡಿ. ಒಂದು ತಿಳಿ, ಒಂದು ಗಾಢ. ಒಂದೇ ಬಟ್ಟೆಯ ಎರಡು ಚೌಕ ಪಕ್ಕಪಕ್ಕ ಬರದಂತೆ ನೋಡಿ. ದೂರ ನಿಂತು, ಕಣ್ಣು ಅರ್ಧ ಮುಚ್ಚಿ ನೋಡಿ. ಮೊಬೈಲಿನಲ್ಲಿ ಫೋಟೊ ತೆಗೆದು ಕಪ್ಪುಬಿಳುಪು ಮಾಡಿ ನೋಡಿದರೆ ಇನ್ನೂ ಒಳ್ಳೆಯದು. ಗಾಢ ಅಂದುಕೊಂಡ ಕೆಲವು ತಿಳಿಯಾಗಿ ಕಾಣುತ್ತವೆ. ವಿನ್ಯಾಸ ನಿಲ್ಲುವುದು ಬಣ್ಣದಿಂದ ಅಲ್ಲ, ತಿಳಿ ಗಾಢದ ವ್ಯತ್ಯಾಸದಿಂದ.

ಮನೆಯವರನ್ನೂ ಕರೆದು ತೋರಿಸಿ. ಅಜ್ಜಿ ಇದ್ದರೆ ಅಜ್ಜಿಯನ್ನೇ ಕೇಳಿ. "ಈ ಹಳದೀನ ಆ ಕಡೆ ಇಡವ್ವ" ಅಂತ ಒಂದೇ ಮಾತಲ್ಲಿ ಸರಿ ಮಾಡುವವರು ಅವರು. ಹಬ್ಬದ ರಂಗೋಲಿಗೆ ಬಣ್ಣ ತುಂಬಿದ ಕಣ್ಣು ಇದನ್ನು ಬೇಗ ಹಿಡಿಯುತ್ತದೆ. ತೃಪ್ತಿಯಾದ ಮೇಲೆ ಪ್ರತಿ ಸಾಲನ್ನು ಎಡದಿಂದ ಬಲಕ್ಕೆ ಒಂದರ ಮೇಲೊಂದು ಪೇರಿಸಿ, ಸಾಲಿನ ನಂಬರ್ ಬರೆದ ಚೀಟಿ ಪಿನ್ನು ಮಾಡಿ ಇಡಿ.

ಚೌಕ ಜೋಡಿಸುವುದು

ಎರಡು ಚೌಕವನ್ನು ಸೀದಾ ಬದಿ ಒಳಗಾಗುವಂತೆ ಎದುರುಬದುರು ಇಡಿ. ಎರಡರ ಒಳಗೆರೆ ಕೂಡುವಂತೆ ಗುಂಡುಸೂಜಿ ಚುಚ್ಚಿ. ಗೆರೆಯ ತುದಿಯಿಂದ ಶುರು ಮಾಡಿ. ಮೊದಲ ಹೊಲಿಗೆ ಹಾಕಿ, ಒಮ್ಮೆ ಹಿಂದೆ ಬಂದು ಅಲ್ಲೇ ಇನ್ನೊಂದು ಹಾಕಿ. ಆಮೇಲೆ ಸೂಜಿಯನ್ನು ಒಳಗೆ ಹೊರಗೆ ಆಡಿಸುತ್ತ ನೇರ ರನ್ನಿಂಗ್ ಹೊಲಿಗೆ, ಇಂಚಿಗೆ 7-8. ಪ್ರತಿ ಇಂಚಿಗೊಮ್ಮೆ ಒಂದು ಹಿಂದಿನ ಹೊಲಿಗೆ ಹಾಕಿದರೆ ಒಂದು ಕಡೆ ದಾರ ಕಿತ್ತರೂ ಸಾಲು ಪೂರ್ತಿ ಬಿಚ್ಚುವುದಿಲ್ಲ.

ಹೀಗೆ 8 ಚೌಕದ ಒಂದು ಸಾಲು. ಅಂಥ 8 ಸಾಲು. ಒಂದನೇ ಸಾಲಿನ ಮಾರ್ಜಿನ್‌ಗಳನ್ನು ಬಲಕ್ಕೆ, ಎರಡನೇ ಸಾಲಿನವನ್ನು ಎಡಕ್ಕೆ ಮಡಚಿ ಇಸ್ತ್ರಿ ಹಾಕಿ. ಹಾಗೇ ಒಂದು ಬಿಟ್ಟು ಒಂದು. ಸಾಲಿಗೆ ಸಾಲು ಕೂಡಿಸುವಾಗ ಎರಡೂ ಕಡೆಯ ಉಬ್ಬು ಒಂದರ ಪಕ್ಕ ಒಂದು ಕೂತು, ಮೂಲೆಗಳು ತಾವಾಗಿಯೇ ಕೂಡುತ್ತವೆ. ಒಂದೇ ಕಡೆ ಮಡಚಿದರೆ ಅಲ್ಲಿ ದಪ್ಪ ಗಡ್ಡೆ ಆಗುತ್ತದೆ, ಆಮೇಲೆ ಸೂಜಿ ಇಳಿಯುವುದಿಲ್ಲ. ಇಸ್ತ್ರಿ ಪೆಟ್ಟಿಗೆಯನ್ನು ಉಜ್ಜಬೇಡಿ, ಎತ್ತಿ ಒತ್ತಿ. ಉಜ್ಜಿದರೆ ಚೌಕ ಜಗ್ಗುತ್ತದೆ.

ಮೊದಲು ಸಾಲುಗಳ ನಡುವಿನ ಮೂಲೆಗೆ ಗುಂಡುಸೂಜಿ, ಆಮೇಲೆ ಉಳಿದ ಜಾಗಕ್ಕೆ. ಒಂದು ಸಾಲು ಸ್ವಲ್ಪ ಉದ್ದ ಬಂದಿದ್ದರೆ ಆ ವ್ಯತ್ಯಾಸವನ್ನು ಎಲ್ಲ ಚೌಕಗಳಿಗೂ ಹಂಚಿ, ಕೊನೆಯ ಚೌಕದ ತಲೆಗೆ ಕಟ್ಟಬೇಡಿ. ಮೂಲೆ ಒಂದು ನೂಲಿನಷ್ಟು ಆಚೀಚೆ ಆದರೆ ಬಿಡಿ. ಅರ್ಧ ಇಂಚು ಆಚೀಚೆ ಆದರೆ ಬಿಚ್ಚಿ.

ಎಂಟೂ ಸಾಲು ಕೂಡಿದಾಗ 33 ಇಂಚಿನ ಚೌಕ ಸಿಗುತ್ತದೆ. ಎಡ ಬಲಕ್ಕೆ 33 ಇಂಚಿನ ಪಟ್ಟಿ, ಆಮೇಲೆ ಮೇಲೆ ಕೆಳಗೆ 37 ಇಂಚಿನ ಪಟ್ಟಿ ಹೊಲಿಯಿರಿ. ಈಗ 37 ಇಂಚು ಆಯಿತು. ಹೊಲಿಯುವ ಮೊದಲು ಒಮ್ಮೆ ಅಳೆದೇ ಪಟ್ಟಿ ಕತ್ತರಿಸಿ. ಕೈಹೊಲಿಗೆಯಲ್ಲಿ ಅರ್ಧ ಇಂಚು ಹೆಚ್ಚುಕಡಿಮೆ ಬಂದೇ ಬರುತ್ತದೆ.

ಪದರ ಪೇರಿಸಿ ಕಚ್ಚಾ ಹೊಲಿಗೆ ಹಾಕುವುದು

ನೆಲ ಗುಡಿಸಿ ಒರೆಸಿ. 40 ಇಂಚಿನ ಅಡಿಬಟ್ಟೆಯನ್ನು ಉಲ್ಟಾ ಬದಿ ಮೇಲಾಗಿ ಹಾಸಿ, ನಾಲ್ಕೂ ಕಡೆ ಅಂಟುಟೇಪಿನಿಂದ ನೆಲಕ್ಕೆ ಹಿಡಿಸಿ. ಬಿಗಿ ಇರಲಿ, ಆದರೆ ಜಗ್ಗಬೇಡಿ. ಅದರ ಮೇಲೆ ನಡುವಿನ ಎರಡು ಪದರ, ಒಂದೊಂದನ್ನೂ ಮಧ್ಯದಿಂದ ಹೊರಗೆ ಅಂಗೈಯಲ್ಲಿ ಸವರುತ್ತ. ಎಲ್ಲಕ್ಕಿಂತ ಮೇಲೆ ನೀವು ಜೋಡಿಸಿದ ಚೌಕದ ಬಟ್ಟೆ, ಸೀದಾ ಬದಿ ಮೇಲಾಗಿ.

ನಡುವೆ ಎಷ್ಟು ಪದರ? ಡಿಸೆಂಬರ್, ಜನವರಿ ಚಳಿಗೆ ಮೂರು ಬೇಕು ಅನ್ನಿಸಬಹುದು. ಮೂಲೆಯಲ್ಲಿ ಸೂಜಿ ಇಳಿಸಿ ನೋಡಿ. ಅಂಗುಸ್ತಾನದಿಂದ ದೂಡಿದಾಗ ಸರಾಗ ಹೋದರೆ ಮೂರು ಹಾಕಿ, ಇಲ್ಲದಿದ್ದರೆ ಎರಡೇ ಸಾಕು. ಬಿಡಿ ಹತ್ತಿ ತುಂಬುವುದು ಬೇಡ. ಗಾದಿಗೆ ಅದು ಸರಿ. ತೊಳೆಯುವ ಹೊದಿಕೆಯಲ್ಲಿ ಹತ್ತಿ ಒಂದು ಕಡೆ ಗುಡ್ಡೆ ಆಗುತ್ತದೆ.

ಈಗ ಬೇರೆ ಬಣ್ಣದ ದಾರದಲ್ಲಿ ಕಚ್ಚಾ ಹೊಲಿಗೆ. ಮಧ್ಯದಿಂದ ಶುರು ಮಾಡಿ ನಾಲ್ಕು ದಿಕ್ಕಿಗೆ, ಆಮೇಲೆ ಮೂಲೆಗಳ ಕಡೆಗೆ, ಆಮೇಲೆ ಅಂಗೈ ಅಗಲಕ್ಕೊಂದು ಸಾಲಿನಂತೆ ಇಡೀ ಬಟ್ಟೆಗೆ. ಹೊಲಿಗೆ ಎರಡು ಇಂಚು ಉದ್ದ ಇದ್ದರೂ ನಡೆಯುತ್ತದೆ, ಕೊನೆಗೆ ಕೀಳುವುದೇ ತಾನೆ. ಬೇಸರದ ಕೆಲಸ, ನಿಜ. ಆದರೆ ಇದನ್ನು ಹಾರಿಸಿದ ಕೌದಿಯ ಅಡಿಭಾಗದಲ್ಲಿ ನೆರಿಗೆ ಬೀಳದೆ ಇರುವುದಿಲ್ಲ. ಮುಗಿದ ಮೇಲೆ ತಿರುಗಿಸಿ ಅಡಿಬಟ್ಟೆ ನೋಡಿ. ಅಲ್ಲಿ ಸುಕ್ಕಿದ್ದರೆ ಈಗಲೇ ಬಿಚ್ಚಿ ಸರಿ ಮಾಡಿ.

ಕೌದಿ ಹೊಲಿಗೆ

ಬೀದಿಯಲ್ಲಿ "ಕೌದಿ ಹೊಲಿಸ್ತೀರೇನವ್ವ" ಅಂತ ಕೂಗುತ್ತ ಬರುವ ಹೆಣ್ಣುಮಕ್ಕಳು ಈಗ ಕಡಿಮೆ ಆಗಿದ್ದಾರೆ. ಬಂದರೆ ದಯವಿಟ್ಟು ಅವರನ್ನು ಕರೆದು ಕೂರಿಸಿ ಹೊಲಿಸಿ, ಕೇಳಿದಷ್ಟು ಕೂಲಿ ಕೊಟ್ಟು ಪಕ್ಕದಲ್ಲಿ ಕೂತು ಅವರ ಕೈ ನೋಡಿ. ಎಡಗೈ ಬಟ್ಟೆಯ ಅಡಿಯಲ್ಲಿ ಇರುತ್ತದೆ. ಬಲಗೈ ಸೂಜಿಯನ್ನು ಹೆಚ್ಚು ಆಡಿಸುವುದಿಲ್ಲ. ಎಡಗೈ ಬಟ್ಟೆಯನ್ನು ಮೇಲೆ ಕೆಳಗೆ ಮಾಡಿ ಸೂಜಿಗೆ ಏರಿಸುತ್ತದೆ. ನಾಲ್ಕೈದು ಹೊಲಿಗೆ ಸೂಜಿಯ ಮೇಲೆ ಕೂತ ಮೇಲೆ ಒಮ್ಮೆಗೆ ದಾರ ಎಳೆಯುತ್ತಾರೆ. ಹೊಲಿಗೆ ಒಂದೇ ಅಳತೆ ಬರುವುದು ಇದರಿಂದ.

ಇಲ್ಲಿ ಒಂದು ವಿಷಯ ಚೆನ್ನಾಗಿ ತಿಳಿದಿರಬೇಕು. ಹಳೇ ಪದ್ಧತಿಯಲ್ಲಿ ಎಷ್ಟೋ ಕೌದಿಗಳನ್ನು ಅಂಚಿನಿಂದ ಒಳಗೆ ಸುತ್ತು ಬರುತ್ತ ಹೊಲಿಯುತ್ತಾರೆ. ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿಯುವ ಕೌದಿ, ಅಂದರೆ ಕವಂದಿಯೂ ಹಾಗೇ, ಮೂಲೆಯಿಂದ ಹೊರಟು ಸುತ್ತುತ್ತ ನಡುವಿಗೆ ಬರುತ್ತದೆ. ಅದನ್ನು ನೋಡಿ ನೀವೂ ಈ ಕೌದಿಯನ್ನು ಅಂಚಿನಿಂದ ಶುರು ಮಾಡಿದರೆ ಮಧ್ಯದಲ್ಲಿ ಬಟ್ಟೆ ಉಬ್ಬಿ ನಿಲ್ಲುತ್ತದೆ. ಕಾರಣ ಸರಳ. ಅವರು ತುಂಡುಗಳನ್ನು ಮೊದಲೇ ಜೋಡಿಸಿರುವುದಿಲ್ಲ. ಹೊಲಿಯುತ್ತ ಹೊಲಿಯುತ್ತ ಮುಂದಿನ ತುಂಡು ಇಡುತ್ತಾರೆ. ಬಟ್ಟೆ ಸರಿದಷ್ಟಕ್ಕೂ ಮುಂದಿನ ತುಂಡಿನ ಅಳತೆ ಸರಿಹೊಂದುತ್ತದೆ. ನಿಮ್ಮ ಮೇಲ್ಪದರ ಆಗಲೇ ಒಂದೇ ಬಟ್ಟೆಯಾಗಿದೆ. ಸರಿದ ಬಟ್ಟೆಗೆ ಹೊರಗೆ ಹೋಗಲು ದಾರಿ ಬೇಕು. ಅದಕ್ಕೆ ಮಧ್ಯದಿಂದ ಹೊರಗೆ ಹೊಲಿಯಿರಿ.

ನಡುವಿನ ನಾಲ್ಕು ಚೌಕಗಳಲ್ಲಿ ಒಂದರಿಂದ ನೇರ ಸಾಲು ಶುರು ಮಾಡಿ. ದಾರದ ತುದಿಗೆ ಚಿಕ್ಕ ಗಂಟು ಹಾಕಿ, ಒಂದಿಂಚು ದೂರದಲ್ಲಿ ಮೇಲ್ಪದರಕ್ಕೆ ಮಾತ್ರ ಚುಚ್ಚಿ, ಶುರು ಮಾಡುವ ಜಾಗದಲ್ಲಿ ಹೊರಗೆ ತಂದು ಮೆಲ್ಲಗೆ ಜಗ್ಗಿ. ಗಂಟು ಟಕ್ ಅಂತ ಒಳಗೆ ಹೋಗಿ ಅಡಗುತ್ತದೆ. ದಾರ ಮುಗಿಯುವಾಗಲೂ ಹಾಗೇ. ಇಂಚಿಗೆ 4-5 ಹೊಲಿಗೆ ಸಾಕು, ಎಲ್ಲ ಒಂದೇ ಉದ್ದ ಇರುವುದು ಮುಖ್ಯ. ಅಡಿಯಲ್ಲಿ ಇಟ್ಟ ಬೆರಳಿಗೆ ಸೂಜಿಯ ತುದಿ ತಾಗಿದ್ದು ಗೊತ್ತಾಗಬೇಕು. ಆಗಲೇ ಎಲ್ಲ ಪದರಕ್ಕೂ ಹೊಲಿಗೆ ಬಿತ್ತು ಅಂತ ಅರ್ಥ.

ಸಾಲಿನಿಂದ ಸಾಲಿಗೆ ಒಂದು ಇಂಚು ಇರಲಿ. ಕೈ ಕುದುರಿದ ಮೇಲೆ ಅರ್ಧ ಇಂಚಿಗೆ ಬನ್ನಿ. ಸಾಲು ಹತ್ತಿರ ಆದಷ್ಟೂ ಕೌದಿ ಗಟ್ಟಿ, ಬಾಳಿಕೆ ಜಾಸ್ತಿ. ದಾರ ಜಗ್ಗಿ ಬಿಗಿ ಮಾಡಬೇಡಿ, ಬಟ್ಟೆ ಸುಕ್ಕಾಗುತ್ತದೆ. ತೊಳೆದ ಮೇಲೆ ಬರುವ ಸಣ್ಣ ಅಲೆಯಂಥ ಸುಕ್ಕು ಬೇರೆ, ಅದು ಕೌದಿಯ ಸೊಗಸು. ಬಿಳಿ ದಾರ ಎಲ್ಲ ಬಣ್ಣದ ಮೇಲೂ ಎದ್ದು ಕಾಣುತ್ತದೆ. ಹೊಲಿಗೆ ಸೊಟ್ಟ ಆದರೆ ಅದೂ ಕಾಣುತ್ತದೆ, ಕಾಣಲಿ. ಕೊನೆಯ ಸಾಲುಗಳಿಗೆ ಬರುವಷ್ಟರಲ್ಲಿ ನಿಮ್ಮ ಕೈ ಎಷ್ಟು ಬದಲಾಗಿದೆ ಅಂತ ಅದೇ ತೋರಿಸುತ್ತದೆ.

ಒಂದೇ ಸಲ ಜಾಸ್ತಿ ಹೊತ್ತು ಕೂರಬೇಡಿ. ಕುತ್ತಿಗೆ, ಹೆಬ್ಬೆರಳು ಬೇಗ ದಣಿಯುತ್ತವೆ. ಗೋಡೆಗೆ ಒರಗಿ, ತೊಡೆಯ ಮೇಲೆ ದಿಂಬಿಟ್ಟುಕೊಂಡು, ಹಗಲು ಬೆಳಕಿನಲ್ಲಿ ಹೊಲಿಯಿರಿ. ಸೂಜಿಗಳನ್ನು ಎಣಿಸಿ ಇಡಿ, ಎಣಿಸಿ ತೆಗೆಯಿರಿ. ಕೂಸಿನ ಕೌದಿಯಲ್ಲಿ ಇದನ್ನು ಮರೆಯಲೇಬಾರದು.

ಅಂಚು ಮಡಚುವುದು

ಹೊಲಿಗೆ ಮುಗಿದ ಮೇಲೆ ಮೇಲ್ಪದರದ ಸಮಕ್ಕೆ ನಡುವಿನ ಪದರಗಳನ್ನು ಕತ್ತರಿಸಿ. ಅಡಿಬಟ್ಟೆಯನ್ನು ಮಾತ್ರ ಎಲ್ಲ ಕಡೆ ಒಂದು ಇಂಚು ಹೊರಗೆ ಬಿಡಿ. ಆ ಒಂದು ಇಂಚನ್ನು ಮೊದಲು ಅರ್ಧಕ್ಕೆ ಮಡಚಿ, ಇನ್ನೊಮ್ಮೆ ಮೇಲ್ಪದರದ ಮೇಲೆ ಮಡಚಿ, ಹೆಮ್ಮಿಂಗ್ ಹಾಕಿ. ಮೇಲ್ಪದರದ ಅರ್ಧ ಇಂಚು ಮಾರ್ಜಿನ್ ಅದರೊಳಗೆ ಮುಚ್ಚಿಹೋಗುತ್ತದೆ. ಮೂಲೆಯಲ್ಲಿ ಅಡಿಬಟ್ಟೆಯ ಚೂಪು ತುದಿಯನ್ನು ಸ್ವಲ್ಪ ಕತ್ತರಿಸಿ ಒಳಗೆ ಮಡಚಿ, ಆಮೇಲೆ ಎರಡು ಬದಿ ಮಡಚಿದರೆ ಓರೆ ಗೆರೆಯಲ್ಲಿ ನೀಟಾಗಿ ಕೂರುತ್ತದೆ.

ಕೌದಿ ಸವೆಯುವುದು ಮೊದಲು ಅಂಚಿನಲ್ಲೇ. ದಿನಬಳಕೆಯ ದೊಡ್ಡ ಕೌದಿಗೆ ಗಟ್ಟಿ ಬಟ್ಟೆಯ ಬೇರೆ ಪಟ್ಟಿಯನ್ನೇ ಸುತ್ತ ಕಟ್ಟುವುದು ಒಳ್ಳೆಯದು. ಸವೆದಾಗ ಪಟ್ಟಿ ಮಾತ್ರ ಬದಲಿಸಿದರೆ ಆಯಿತು. ಸಿದ್ದಿ ಹೆಣ್ಣುಮಕ್ಕಳು ಕವಂದಿಯ ನಾಲ್ಕು ಮೂಲೆಗೂ ತ್ರಿಕೋನದ ತುಂಡುಗಳನ್ನು ಒಂದರ ಮೇಲೊಂದು ಹಾಕಿ ಹೊಲಿಯುತ್ತಾರೆ, ಅದಿಲ್ಲದೆ ಕವಂದಿ ಪೂರ್ತಿ ಆಗುವುದಿಲ್ಲ. ನಿಮಗೂ ಮೂಲೆಗೆ ಏನಾದರೂ ಇಡಬೇಕು ಅನ್ನಿಸಿದರೆ ಚಿಕ್ಕ ಚೌಕವನ್ನು ಎರಡು ಸಲ ಮಡಚಿ ತ್ರಿಕೋನ ಮಾಡಿ ಅಂಚಿನ ಮಡಿಕೆಯೊಳಗೆ ಸೇರಿಸಿ ಹೊಲಿಯಿರಿ. ಕೂಸಿನ ಕೌದಿಗೆ ಗುಂಡಿ, ಮಣಿ, ಕನ್ನಡಿ ಬೇಡ.

ಕಚ್ಚಾ ಹೊಲಿಗೆ ಎಲ್ಲ ಕಿತ್ತು, ತಣ್ಣೀರಿನಲ್ಲಿ ತೊಳೆದು, ನೆರಳಲ್ಲಿ ಹರಡಿ ಒಣಗಿಸಿ. ಹಗ್ಗದ ಮೇಲೆ ಒಂದೇ ಮಡಿಕೆಯಲ್ಲಿ ನೇತುಹಾಕಿದರೆ ನೀರಿನ ಭಾರಕ್ಕೆ ಜೋಲುತ್ತದೆ, ಎರಡು ಹಗ್ಗದ ಮೇಲೆ ಹಾಕಿ.

ತೊಂದರೆ ಬಂದರೆ

ಅಡಿಯಲ್ಲಿ ಒಂದು ಕಡೆ ನೆರಿಗೆ ಕೂತಿದ್ದರೆ ಆ ಸಾಲನ್ನು ಮಾತ್ರ ಬಿಚ್ಚಿ, ಬಟ್ಟೆ ಹೊರಗೆ ಸವರಿ, ಮತ್ತೆ ಹೊಲಿಯಿರಿ. ಒಂದು ಚೌಕ ಹರಿದರೆ ಕೌದಿ ಬಿಚ್ಚಬೇಕಾಗಿಲ್ಲ. ಐದು ಇಂಚಿನ ಇನ್ನೊಂದು ತುಂಡಿನ ಅಂಚು ಒಳಗೆ ಮಡಚಿ ಅದರ ಮೇಲೇ ಇಟ್ಟು ಹೊಲಿಯಿರಿ. ನಮ್ಮ ಮನೆಗಳ ಹಳೇ ಕೌದಿಗಳ ಮೇಲೆ ತೇಪೆಯ ಮೇಲೆ ತೇಪೆ ಇರುವುದು ಹೀಗೇ. ಸೂಜಿ ಬೆರಳಿಗೆ ಚುಚ್ಚಿ ರಕ್ತದ ಕಲೆಯಾದರೆ ಆಗಲೇ ತಣ್ಣೀರಿನಲ್ಲಿ ತೊಳೆಯಿರಿ, ಬಿಸಿನೀರು ಹಾಕಿದರೆ ಕಲೆ ಕಚ್ಚಿಕೊಳ್ಳುತ್ತದೆ.

ಇಟ್ಟುಕೊಳ್ಳುವುದು, ಮುಂದಿನ ಕೌದಿ

ಮಹಾನವಮಿಗೆ ಮುಂಚೆ ಮನೆಯ ಹಾಸಿಗೆ, ಕೌದಿ ಎಲ್ಲ ಕಟ್ಟಿಕೊಂಡು ಭದ್ರಾ ನಾಲೆಗೆ, ಕೆರೆಗೆ ಹೋಗಿ ಒಗೆದು ತರುವುದು ನಮ್ಮ ಕಡೆ ಈಗಲೂ ಇದೆ. ಬಂಡೆಗೆ ಬಡಿದು ಒಗೆಯುವುದನ್ನು ಈ ಚಿಕ್ಕ ಕೌದಿಗೆ ಮಾಡಬೇಡಿ. ಸೋಪಿನ ನೀರಿನಲ್ಲಿ ನೆನೆಸಿ, ತುಳಿದು, ಹಿಂಡದೆ ಒತ್ತಿ ನೀರು ತೆಗೆಯಿರಿ. ಪೂರ್ತಿ ಒಣಗಿದ ಮೇಲೆ ಬೇವಿನ ಒಣ ಎಲೆ ಹಾಕಿದ ಟ್ರಂಕಿನಲ್ಲಿ ಇಡಿ. ಆಗಾಗ ತೆಗೆದು ಬೇರೆ ಮಡಿಕೆಯಲ್ಲಿ ಮಡಚಿಡಿ, ಒಂದೇ ಗೆರೆಯಲ್ಲಿ ಮಡಚಿದರೆ ಅಲ್ಲೇ ಸವೆಯುತ್ತದೆ.

ಎರಡನೇ ಕೌದಿಯನ್ನು ರಟ್ಟು, ಅಳತೆ ಏನೂ ಇಲ್ಲದೆ ಹಳೇ ಪದ್ಧತಿಯಲ್ಲೇ ಮಾಡಿ ನೋಡಿ. ಸೀರೆಯ ಪದರ ಹಾಸಿ, ಅಂಚು ಮಡಚಿ, ಮೂಲೆಯಲ್ಲಿ ಒಂದು ತುಂಡಿನ ಬದಿ ಒಳಗೆ ಮಡಚಿ ಇಟ್ಟು ರನ್ನಿಂಗ್ ಹೊಲಿಗೆ ಶುರು ಮಾಡಿ. ಆ ತುಂಡು ಮುಗಿಯುವ ಮೊದಲು ಪಕ್ಕದ ತುಂಡನ್ನು ಅದರ ಮೇಲೆ ಅರ್ಧ ಇಂಚು ಬರುವಂತೆ ಇಡಿ. ಹೀಗೆ ಸುತ್ತು ಬರುತ್ತ ಹೋಗಿ. ತುಂಡು ಚಿಕ್ಕದೋ ದೊಡ್ಡದೋ, ಉದ್ದವೋ ಮೊಂಡೋ, ಇದ್ದಂತೆ ಬಳಸಬಹುದು. ಕೊನೆಗೆ ನಡುವಿನಲ್ಲಿ ಉಳಿದ ಜಾಗಕ್ಕೆ ನಿಮಗೆ ಇಷ್ಟವಾದ ಬಟ್ಟೆ ಎತ್ತಿಟ್ಟುಕೊಂಡಿರಿ. ದೊಡ್ಡವರ ಅಳತೆಗೆ ಮಾಡುವುದಾದರೆ ಒಂದೊಂದು ಪದರಕ್ಕೂ ಸೀರೆಯ ಎರಡು ಅಗಲ ಕೂಡಿಸಬೇಕು, ಒಟ್ಟು ನಾಲ್ಕೈದು ಹಳೇ ಹತ್ತಿ ಸೀರೆ ಬೇಕಾಗುತ್ತದೆ. ಅವುಗಳನ್ನು ಈಗಿನಿಂದಲೇ ಕೂಡಿಡಲು ಶುರು ಮಾಡಿ. ಮನೆಯಲ್ಲಿ ಪಾತ್ರೆ ಸಾಮಾನಿನವರಿಗೆ ಸೀರೆ ಹಾಕುವ ಮೊದಲು ನಿಮಗೆ ತೋರಿಸಲು ಹೇಳಿ.